ಅಮಾವಾಸ್ಯೆ ವಾರದ ಸೊನ್ನೆಗಳು

ರೊಟ್ಟಿ ಕಂಪನಿಯ ಇಂದಿರಾನಗರದ ಕಚೇರಿಯಲ್ಲಿ ಮಾರಾಟದ ಲೆಕ್ಕ ನೋಡುತ್ತಿದ್ದ ನಾಗರತ್ನಾಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಎದುರಿನ ಪರದೆಯ ಮೇಲೆ ಕೆಂಪು ಗೆರೆಯೊಂದು ಇಳಿದು ಇಳಿದು ನೆಲ ಕಚ್ಚಿತ್ತು. ಕಂಪನಿ ಹೊಸದಾಗಿ ತಂದ ಸಾಫ್ಟ್‌ವೇರಿನ ಭವಿಷ್ಯವಾಣಿ ಅದು: ಶಿವಾಜಿನಗರ, ಹಲಸೂರು, ಜೋಗುಪಾಳ್ಯದ ಅಂಗಡಿಗಳಲ್ಲಿ ಇನ್ನು ಮೇಲೆ ಜೋಳದ ರೊಟ್ಟಿ ಕೇಳುವವರಿಲ್ಲ. ಅದನ್ನು ನಂಬಿಕೊಂಡು ಹೊಸ ಮ್ಯಾನೇಜರ್ ನರೇಶ್ ಕಗ್ಗದಾಸಪುರದ ರೊಟ್ಟಿ ಘಟಕಕ್ಕೆ ಬೀಗ ಹಾಕಲು ಹೊರಟಿದ್ದ. ಅಲ್ಲಿ ರೊಟ್ಟಿ ತಟ್ಟುವವರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಸಂಸಾರ ಹೂಡಿದ ಹೆಂಗಸರು. ನಾಗರತ್ನಾಳ ತಾಯಿಯೂ ಮಂಡಿನೋವು ಶುರುವಾಗುವವರೆಗೆ ಅಲ್ಲೇ ತಟ್ಟಿದವಳು.

ಕೇಳುವವರಿಲ್ಲವಂತೆ! ಹಲಸೂರಿನ ಅಂಗಡಿಯ ಓವೈಸ್ ದಿನಾ ಫೋನು ಮಾಡಿ, ರೊಟ್ಟಿ ಸಾಲುತ್ತಿಲ್ಲ ಎಂದು ಬೈಯುತ್ತಿದ್ದ. ಆ ಬೈಗುಳ ಸಾಫ್ಟ್‌ವೇರಿನ ಕಿವಿಗೆ ಬೀಳಬೇಕಲ್ಲ.

ಅವಳು ಹಳೆಯ ಮಾರಾಟದ ಅಂಕಿಗಳನ್ನು ಕೆದಕಿದಳು. ಪ್ರತಿ ವರ್ಷ ಎಳ್ಳಮಾವಾಸ್ಯೆಯ ವಾರದಲ್ಲಿ ಎಲ್ಲ ಅಂಗಡಿಗಳ ಹೆಸರಿನ ಮುಂದೆಯೂ ಬರೀ ಸೊನ್ನೆ. ಕಾರಣ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಆ ಹಬ್ಬಕ್ಕೆ ಹೆಂಗಸರೆಲ್ಲ ಒಟ್ಟಿಗೆ ಊರಿಗೆ ಹೋಗುತ್ತಾರೆ, ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಉಂಡು ಬರುತ್ತಾರೆ. ಘಟಕ ನೋಡಿಕೊಳ್ಳುವ ಮುನಿರಾಜಪ್ಪ ಕಚೇರಿಗೆ ತಿಳಿಸದೆ ತಾನೇ ರಜೆ ಕೊಟ್ಟು ಕಳಿಸುತ್ತಿದ್ದ. ತಟ್ಟುವವರಿಲ್ಲ, ರೊಟ್ಟಿಯಿಲ್ಲ, ಮಾರಾಟವಿಲ್ಲ. ಸಾಫ್ಟ್‌ವೇರು ಅದನ್ನು ಜನಕ್ಕೆ ಬೇಡವಾಯಿತು ಎಂದು ಓದಿಕೊಂಡು ಮುಂದಿನ ವಾರಗಳಿಗೂ ಕಡಿಮೆ ರೊಟ್ಟಿ ಕಳಿಸಲು ಹೇಳಿತು. ಕಡಿಮೆ ಕಳಿಸಿದ್ದಕ್ಕೆ ಕಡಿಮೆ ಮಾರಾಟವಾಯಿತು.

ನಾಗರತ್ನಾ ನೇರ ನರೇಶನ ಮುಂದೆ ಹೋಗಿ ನಿಂತಳು.

"ಸೇಲ್ಸ್ ಝೀರೋ ಅಂದ್ರೆ ಡಿಮ್ಯಾಂಡ್ ಝೀರೋ ತಾನೇ?" ಎಂದ ಅವನು.

"ಅಲ್ಲ ಸರ್. ಊಟಾನೇ ಬಡಿಸ್ದೆ, ಅವ್ರಿಗೆ ಹಸಿವಿರ್ಲಿಲ್ಲ ಅಂದಂಗಾಯ್ತು. ರೊಟ್ಟಿ ಕಳಿಸ್ದೇ ಇರೋ ದಿನಗಳನ್ನ ಬೇರೆ ಮಾಡೋಣ ಅಂತ ಮೊದ್ಲೇ ಹೇಳಿದ್ದೆ. ಸಾಫ್ಟ್‌ವೇರೇ ಕಲ್ತ್ಕೊಳುತ್ತೆ ಬಿಡಿ ಅಂದ್ರಿ. ಕಲ್ತಿದೆ ನೋಡಿ."

"ಕಳಿಸ್ದೇ ಇದ್ದಿದ್ದು ಯಾಕೆ?"

ಸಿಟ್ಟಿನಲ್ಲಿ ಅವಳು ಹಿಂದುಮುಂದು ನೋಡಲಿಲ್ಲ. ಹಬ್ಬ, ರಜೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನ ಕಣ್ಣೆದುರೇ ರೊಟ್ಟಿ ಹೋಗದ, ಕಡಿಮೆ ಹೋದ ವಾರಗಳನ್ನು ಲೆಕ್ಕದಿಂದ ತೆಗೆದು ಸಾಫ್ಟ್‌ವೇರನ್ನು ಮತ್ತೆ ಓಡಿಸಿದಳು. ಗೆರೆ ಮೇಲೆದ್ದಿತು.

"ಸೂಪರ್," ಎಂದ ನರೇಶ್. "ಯೂನಿಟ್ ಇರ್ಲಿ ಬಿಡಿ. ಪ್ರಾಬ್ಲಂ ಇರೋದು ರಜದಲ್ಲಿ. ಈ ಸಲ ಅಮಾವಾಸ್ಯೆಗೆ ಯಾರೂ ಹೋಗೋ ಹಾಗಿಲ್ಲ. ಹೋದವ್ರು ವಾಪಸ್ ಬರೋದೇ ಬೇಡ. ನಿಮ್ಮ ಕಡೆಯವ್ರೇ ಅಲ್ವಾ, ನೀವೇ ಹೇಳ್ಬಿಡಿ."

ಹೆಂಗಸರನ್ನು ಸರದಿಯ ಮೇಲೆ ಊರಿಗೆ ಕಳಿಸಬಹುದು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಫೋನಿಗೆ ತಿರುಗಿದ್ದ. ಮೇಜಿನ ಮೇಲಿದ್ದ ನೀರನ್ನು ಅವನ ಮುಖಕ್ಕೆ ಎರಚಬೇಕೆನ್ನಿಸಿತು. ಎರಚಲಿಲ್ಲ. ಅದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಸಂಜೆ ಕಗ್ಗದಾಸಪುರಕ್ಕೆ ಹೋದಾಗ ಘಟಕದ ಹಿರಿಯಳಾದ ಸಾಬಮ್ಮ ಒಲೆ ಬಿಟ್ಟು ಎದ್ದು ಬಂದಳು.

"ಕೀಲಿ ಹಾಕಂಗಿಲ್ಲ ಅಕ್ಕಾ. ಕೆಲಸ ಉಳೀತು."

ಸಾಬಮ್ಮ ಹಿಟ್ಟಿನ ಕೈಯಲ್ಲೇ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. "ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ."

ಉಳಿದದ್ದನ್ನೂ ಹೇಳಲೇಬೇಕಾಗಿತ್ತು. ಹೇಳಿದಳು. ರೊಟ್ಟಿ ತಟ್ಟುವ ಸದ್ದು ಒಂದೊಂದಾಗಿ ನಿಂತಿತು.

"ಅಮಾಸಿಗೆ ನಾವು ಊರಿಗೆ ಹೋಗತೀವಂತ ಆಫೀಸಿನವ್ರಿಗೆ ಗೊತ್ತ ಇರಲಿಲ್ಲಲ್ಲ," ಎಂದಳು ಸಾಬಮ್ಮ. "ಮುನಿರಾಜಪ್ಪ ಬಾಯಿ ಬಿಡೂ ಪೈಕಿ ಅಲ್ಲ. ಯಾರ ಹೇಳ್ಯಾರ ಅವ್ರಿಗೆ?"

"ನಾನ, ಅಕ್ಕಾ," ಎಂದಳು ನಾಗರತ್ನಾ.