ಸೊನ್ನೆಗಿಂತ ನೂರಹನ್ನೆರಡು ಕೆಳಗೆ

ಕಾವೊಶುಂಗ್ ಬಂದರಿನ ಪ್ರದರ್ಶನ ಭವನದಲ್ಲಿ ಅಂದು ಹನ್ನೆರಡು ಮೇಜುಗಳಿಂದ ಬಿಳಿ ಹಬೆ ಏಳುತ್ತಿತ್ತು. ಎರಡು ಗಂಟೆಯೊಳಗೆ ಯಾರ ಕಂಪ್ಯೂಟರ್ ಎಲ್ಲರಿಗಿಂತ ವೇಗವಾಗಿ ಓಡುತ್ತದೋ ಅವರೇ ಗೆದ್ದಂತೆ. ಅಷ್ಟು ವೇಗಕ್ಕೆ ಚಿಪ್ ಕೆಂಡವಾಗುತ್ತದೆ. ಅದಕ್ಕೇ ಅದರ ನೆತ್ತಿಯ ಮೇಲೆ ತಾಮ್ರದ ಲೋಟ ಕೂರಿಸಿ ದ್ರವ ಸಾರಜನಕ ಸುರಿಯುತ್ತೇವೆ. ಸುರಿಯುವವನು ನಾನು, ಕಂಪ್ಯೂಟರ್ ಅಂಗಡಿಯ ಅ-ಹಾಯ್. ಪರದೆಯ ಮೇಲಿನ ಅಂಕಿ ನೋಡಿ "ಸುರಿ", "ನಿಲ್ಸು" ಎನ್ನುವವಳು ಲಾಯ್ ಯೂಝೆನ್ ಅಕ್ಕ.

ಅಕ್ಕನಿಗೆ ಐವತ್ನಾಲ್ಕು. ಮೀನುಬಂದರಿನ ಶೀತಲಗೃಹದಲ್ಲಿ ಇಪ್ಪತ್ತೇಳು ವರ್ಷ ಮಾಪಕ ನೋಡುತ್ತ, ಟ್ಯೂನಾ ಮೀನು ಕೆಡದಂತೆ ಚಳಿ ಕಾದವಳು. ಆ ಕೆಲಸವನ್ನು ಯಂತ್ರಗಳೇ ಮಾಡತೊಡಗಿದ ಮೇಲೆ ಅವಳನ್ನು ಮನೆಗೆ ಕಳಿಸಿದರು. ಲ್ಯಾಪ್‌ಟಾಪ್ ರಿಪೇರಿಗೆಂದು ನನ್ನ ಅಂಗಡಿಗೆ ಬಂದವಳು ನನ್ನ ಲೋಟಕ್ಕೆ ಕಟ್ಟಿದ್ದ ಹಿಮವನ್ನೂ ಪರದೆಯ ಅಂಕಿಯನ್ನೂ ನೋಡಿ, "ನಿನ್ನ ಅಂಕಿ ಸುಳ್ಳು ಹೇಳ್ತಿದೆ ಕಣೋ" ಎಂದಿದ್ದಳು. ಅಂದಿನಿಂದ ನಾವು ಜೋಡಿ.

ಮೊದಲ ಒಂದು ಗಂಟೆಯಲ್ಲಿ ನಮ್ಮ ಕಂಪ್ಯೂಟರ್ ಮೂರು ಸಲ ಆರಿಹೋಯಿತು. ಮೂರೂ ಸಲ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ. ನಲವತ್ತು ಚಿಪ್‌ಗಳನ್ನು ಪರೀಕ್ಷಿಸಿ ಆರಿಸಿಕೊಂಡಿದ್ದ ಒಂದೇ ಒಂದು ಚಿಪ್ ಅದು.

"ಮುಗೀತು ಅಕ್ಕ. ಇದಕ್ಕೆ ಚಳಿ ತಡ್ಕೊಳ್ಳೋ ಯೋಗ್ಯತೆ ಇಲ್ಲ."

"ಬಾಯ್ಮುಚ್ಚು, ಓದ್ತಿದ್ದೀನಿ."

ಅವಳು ಕಾವಲು ತಂತ್ರಾಂಶದ ದಾಖಲೆ ತೆರೆದು ಕೂತಿದ್ದಳು. ಕ್ಷಣಕ್ಷಣದ ಉಷ್ಣತೆ ಬರೆದಿಡುವುದೂ, ಚಿಪ್ ಸುಡುವ ಹಾಗಾದರೆ ವಿದ್ಯುತ್ ಕಡಿದುಹಾಕುವುದೂ ಅದರ ಕೆಲಸ. ಅಕ್ಕ ಕೊನೆಯ ಸಾಲುಗಳ ಮೇಲೆ ಉಗುರಿಟ್ಟಳು. ಮೈನಸ್ ಐವತ್ತೊಂಬತ್ತು, ಮೈನಸ್ ಅರವತ್ತು, ಆಮೇಲೆ ಇದ್ದಕ್ಕಿದ್ದಂತೆ ಪ್ಲಸ್ ನೂರತೊಂಬತ್ತೈದು.

"ನೋಡಿದ್ಯಾ? ಚಿಪ್ ಒಳಗಿರೋ ಮಾಪಕಕ್ಕೆ ಅರವತ್ತರಿಂದ ಕೆಳಗೆ ಎಣಿಸೋಕೆ ಬರಲ್ಲ. ತಲೆ ತಿರುಗಿ ಏನೋ ಒಂದು ಒದರುತ್ತೆ. ತಂತ್ರಾಂಶ ಅದನ್ನ ನಂಬಿ, ಬೆಂಕಿ ಬಿತ್ತು ಅಂತ ಕರೆಂಟ್ ಕಡೀತಿದೆ. ಚಿಪ್ ಚೆನ್ನಾಗೇ ಇದೆ ಮಾರಾಯ!"

"ಹಾಗಾದ್ರೆ ಕಾವಲನ್ನೇ ತೆಗೆದುಬಿಡೋಣ."

"ನಿಜವಾಗ್ಲೂ ಸುಟ್ರೆ? ಇನ್ನೊಂದು ಚಿಪ್ ಇದ್ಯಾ ನಿನ್ ಹತ್ರ?"

ಲೋಟದ ತಳದಲ್ಲಿ ಎರಡು ತಂತಿ ಮಾಪಕಗಳಿದ್ದವು. ಇನ್ನು ಮುಂದೆ ತಂತ್ರಾಂಶ ಅವೆರಡನ್ನು ಮಾತ್ರ ನಂಬಬೇಕು, ಎರಡೂ ಒಟ್ಟಿಗೆ ಅಪಾಯ ಎಂದಾಗ ಮಾತ್ರ ವಿದ್ಯುತ್ ಕಡಿಯಬೇಕು ಎಂದು ಅವಳು ನಿಯಮ ಬರೆದಳು. ಆದರೆ ತಂತಿಗಳೇ ಸುಳ್ಳಾಡಿದರೆ? ನನ್ನನ್ನು ಹೊರಗೆ ಅಟ್ಟಿ ಐಸ್ ಅಂಗಡಿಯಿಂದ ಒಂದು ಬಟ್ಟಲು ತುರಿದ ಐಸ್ ತರಿಸಿದಳು.

ಪಕ್ಕದ ಮೇಜಿನಲ್ಲಿ ಶಿನ್‌ಚೂ ಊರಿನ ಇಂಜಿನಿಯರುಗಳ ತಂಡವಿತ್ತು. ಅವರ ನಾಯಕ ಫಾನ್ ಗ್ವಾಂಗ್‌ಲಿನ್ ಕತ್ತು ಚಾಚಿ ನಕ್ಕ. "ಏನಕ್ಕ, ಸೋತ ಬೇಜಾರಿಗೆ ತಿಂಡೀನಾ? ಐಸ್ ಮೇಲೆ ಸಿಹಿ ಕೆಂಪು ಅವರೆ ಹಾಕಿಸ್ಲಿಲ್ವಾ?"

"ನಿಂಗೂ ಒಂದು ಚಮಚ ಉಳಿಸ್ತೀನಿ, ಆಮೇಲೆ ತಲೆ ತಂಪು ಮಾಡ್ಕೊಳ್ಳೋಕೆ ಬೇಕಾಗುತ್ತೆ," ಎಂದಳು ಅಕ್ಕ, ತಲೆಯೆತ್ತದೆ.

ತಂತಿಗಳನ್ನು ಬಿಚ್ಚಿ ಐಸಿನಲ್ಲಿ ಅದ್ದಿದಳು. ಕರಗುವ ಐಸಿನಲ್ಲಿ ಅವು ಸೊನ್ನೆ ತೋರಿಸಬೇಕು. ಒಂದು ತಂತಿ ಸೊನ್ನೆ ತೋರಿಸಿತು, ಇನ್ನೊಂದು ಏಳು. ಅವನ್ನೇ ಮೈನಸ್ ನೂರತೊಂಬತ್ತಾರರಲ್ಲಿ ಕುದಿಯುವ ಸಾರಜನಕದಲ್ಲಿ ಅದ್ದಿದಳು. ಅಲ್ಲೂ ಎರಡನೆಯದು ಸರಿಯಾಗಿ ಏಳು ಡಿಗ್ರಿ ಹೆಚ್ಚು. "ಪ್ರಾಮಾಣಿಕ ಸುಳ್ಳ ಇವನು, ಎಲ್ಲಾ ಕಡೆ ಒಂದೇ ಸುಳ್ಳು," ಎಂದು ಏಳನ್ನು ಕಳೆದಳು. ಕೊನೆಗೆ ಇನ್ನೊಂದು ನಿಯಮ ಸೇರಿಸಿದಳು: ಉಷ್ಣತೆ ಸರ್ರನೆ ಇಳಿಯತೊಡಗಿದರೆ ತಂತ್ರಾಂಶ ಮೊದಲೇ ಕೂಗಬೇಕು. "ನೀನು ಸುರಿಯೋದು ನಿಲ್ಸಿದ್ರೂ ತಾಮ್ರ ತಣ್ಣಗಾಗೋದು ನಿಲ್ಸಲ್ಲ. ಶೀತಲಗೃಹದಲ್ಲಿ ನೋಡಿ ನೋಡಿ ಕಲ್ತಿದ್ದು."

ಉಳಿದದ್ದು ಇಪ್ಪತ್ತೆರಡು ನಿಮಿಷ.

ಸುರಿದೆ. ಮೈನಸ್ ಅರವತ್ತು ಬಂತು. ನಾನು ಸುರಿಯುತ್ತಲೇ ಹೋದೆ. ಅರವತ್ತೈದು, ಎಂಬತ್ತು, ನೂರು. ಕಂಪ್ಯೂಟರ್ ಓಡುತ್ತಲೇ ಇತ್ತು! ನೂರಹತ್ತೊಂಬತ್ತಕ್ಕೆ ಬಂದಾಗ ಮಾತ್ರ ಪರದೆ ಕಲ್ಲಾಗಿ ನಿಂತಿತು.

"ಇದು ನಿಜವಾದ ಗೋಡೆ, ಇದಕ್ಕಿಂತ ಚಳಿ ಚಿಪ್ ತಡ್ಕೊಳ್ಳಲ್ಲ," ಎಂದಳು ಅಕ್ಕ. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ, ಹುಡುಕುತ್ತಿದ್ದದ್ದು ಸಿಕ್ಕ ಖುಷಿಯಿತ್ತು. "ಬೆಂಕಿ ತೋರ್ಸು ಲೋಟಕ್ಕೆ. ನೂರಹನ್ನೆರಡರಲ್ಲಿ ಹಿಡಿಯೋಣ."

ಟಾರ್ಚಿನ ಜ್ವಾಲೆಯಿಂದ ಲೋಟ ಬಿಸಿಮಾಡಿ ಮತ್ತೆ ಶುರುಮಾಡಿದೆವು. ಆರು ನಿಮಿಷ ಉಳಿದಿತ್ತು. ತಂತ್ರಾಂಶ ಕೀ ಎಂದಾಗ ಕೈ ಹಿಂತೆಗೆದೆ. ಅಕ್ಕ "ಹ್ಞೂಂ" ಎಂದಾಗ ಒಂದು ಗುಟುಕು ಸುರಿದೆ. ಅಂಕಿ ನೂರಹನ್ನೆರಡರ ಮೇಲೆ ಮೊಳೆ ಹೊಡೆದಂತೆ ನಿಂತಿತು. ಅವಳು ವೇಗ ಏರಿಸುತ್ತ ಹೋದಳು. ಏಳು ಸಾವಿರ ಮೆಗಾಹರ್ಟ್ಸ್, ಏಳು ಸಾವಿರದ ಇನ್ನೂರು. ಶಿನ್‌ಚೂ ತಂಡದ ಲೆಕ್ಕವನ್ನು ದಾಟಿದಾಗ ಜನ ನಮ್ಮ ಮೇಜಿನ ಸುತ್ತ ನೆರೆದಿದ್ದರು.

"ಸಾಕು ಅಕ್ಕ, ಗೆದ್ವಿ!"

"ಇನ್ನೂ ಇದೆ ಇದರಲ್ಲಿ. ಸುರಿ!"

ಏಳು ಸಾವಿರದ ನಾನೂರ ಆರು. ಸಮಯ ಮುಗಿದ ಗಂಟೆ ಬಾರಿಸಿತು. ಆ ಭವನದಲ್ಲಿ ಅಷ್ಟು ವೇಗವನ್ನು ಅದುವರೆಗೆ ಯಾರೂ ಮುಟ್ಟಿರಲಿಲ್ಲ. ನಾನು ಕೈಗವಸು ಎಸೆದು ಕೂಗಿದ್ದು ನನಗೇ ಕೇಳಿಸಲಿಲ್ಲ, ಎಲ್ಲರೂ ಕೂಗುತ್ತಿದ್ದರು.

ಫಾನ್ ಬಂದು ಎರಡೂ ಕೈಗಳಿಂದ ಅವಳ ಕೈ ಕುಲುಕಿದ. "ಅಕ್ಕ, ನಮ್ಮದೂ ಅರವತ್ತರಲ್ಲೇ ಆರಿಹೋಗ್ತಿತ್ತು. ನಾವು ಐವತ್ತೈದಕ್ಕೇ ನಿಲ್ಸಿ ಓಡಿಸಿದ್ವಿ. ಆ ನಿಯಮ ಹೇಗೆ ಬರೆದ್ರಿ, ಹೇಳ್ಕೊಡ್ತೀರಾ?"

ಅಕ್ಕ ಕುರ್ಚಿಯೊಂದನ್ನು ತನ್ನ ಪಕ್ಕಕ್ಕೆ ಎಳೆದಳು. ವೇದಿಕೆಯಿಂದ ನಮ್ಮ ಹೆಸರನ್ನು ಎರಡು ಸಲ ಕರೆದರೂ ಅವಳು ಏಳಲಿಲ್ಲ. ಐದು ಜನ ಇಂಜಿನಿಯರುಗಳು ಪರದೆಗೆ ಮುಖ ಹಚ್ಚಿ ನಿಂತಿದ್ದರು. "ಮೊದಲ್ನೇ ಸಾಲಿಂದ ಶುರುಮಾಡೋಣ," ಎಂದು ಅವಳು ಗಟ್ಟಿ ದನಿಯಲ್ಲಿ ಹೇಳುತ್ತಿದ್ದಳು, "ಯಾರನ್ನ ನಂಬಬೇಕು, ಯಾರನ್ನ ನಂಬಬಾರದು, ಅದನ್ನ ಮೊದ್ಲು ಬರೀಬೇಕು."