ಅಂಜನಮ್ಮನ ಪಿ.ಜಿ.ಗೆ ಪೈನ್ ಮಂಚ

ದೊಡ್ಡನೆಕ್ಕುಂದಿಯಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಯಮುನಾ ಮರಗೆಲಸದ ಶೆಡ್ಡು ಹಾಕಿಕೊಂಡಿದ್ದಳು. ಪಕ್ಕದ ಬೀದಿಯ ಅಂಜನಮ್ಮ ಹೊಸದಾಗಿ ಕಟ್ಟಿಸಿದ್ದ ಹುಡುಗಿಯರ ಪಿ.ಜಿ.ಗೆ ಒಂದರ ಮೇಲೊಂದು ಮಲಗುವ ಮಂಚಗಳನ್ನು ಮಾಡಿಕೊಡಲು ಒಪ್ಪಿದ್ದಳು. ಹೊರದೇಶದ ಪೈನ್ ಮರ. ಹಗುರ, ನೋಡಲು ಬೆಣ್ಣೆಯ ಬಣ್ಣ.

ಮೊದಲ ಮಂಚ ಮುಗಿದಾಗ ಬಡಗಿ ಪಂಚಾಕ್ಷರಿ ಅದರ ಏಣಿ ಹತ್ತಿ ನೋಡಿದ. ಮೆಟ್ಟಿಲೊಂದು ಲಟ್ಟನೆ ಮುರಿಯಿತು. ಅವನು ಮೇಲಿನ ಅಂಚು ಹಿಡಿದು ನೇತಾಡಿ, ಮೆಲ್ಲಗೆ ಇಳಿದ. ಯಮುನಾ ಮುರಿದ ಮೆಟ್ಟಿಲನ್ನು ಎತ್ತಿ ನೋಡಿದಳು. ಮುರಿದ ಕಡೆ ಕಪ್ಪು ಗಂಟೊಂದಿತ್ತು. ಬೆರಳಲ್ಲಿ ಒತ್ತಿದರೆ ಅದು ಅಂಗಿಯ ಗುಂಡಿಯ ಹಾಗೆ ಕಳಚಿ ಬಿತ್ತು.

ಮರ ತರಿಸಿಕೊಟ್ಟಿದ್ದ ಗೆಳತಿ ಕೃಪಾ ಫೋನ್ ಮಾಡಿದ ಕೂಡಲೇ ಬಂದಳು. ಹಲಗೆಗಳ ತುದಿ ತಿರುಗಿಸಿ ನೋಡಿದಳು.

"ಹೋದ್ ಸಲದ್ದು ಬೇರೆ ನೆಡುತೋಪಿನ ಮರ. ಅಲ್ಲಿ ಒತ್ತೊತ್ತಾಗಿ ನೆಟ್ಟು, ಎಳೇದಿರುವಾಗ್ಲೇ ಕೆಳಗಿನ ಕೊಂಬೆ ಸವರ್ತಾರೆ. ಆಮೇಲೆ ಸಣಕಲು ಮರ ತೆಗೆದು, ಉಳಿದಿದ್ದನ್ನ ವರ್ಷಗಟ್ಟಲೆ ಬಲಿಯೋಕೆ ಬಿಡ್ತಾರೆ. ಇದ್ರಲ್ಲಿ ಉಂಗುರ ನೋಡು, ಎಷ್ಟು ಅಗಲ. ದೂರ ದೂರ ನೆಟ್ಟಿದ್ದಾರೆ, ಬೇಗ ದಪ್ಪ ಆಗಿದೆ, ಬಲಿಯೋ ಮುಂಚೆ ಕಡಿದಿದ್ದಾರೆ. ಕೊಂಬೆ ಸವರೇ ಇಲ್ಲ. ಒಣಗಿದ ಕೊಂಬೆ ಮರದೊಳಗೇ ಸೇರ್ಕೊಂಡು ಹಿಂಗೆ ಗಂಟಾಗಿದೆ."

"ಎಲ್ಲಾ ಹಲಗೆನೂ ಹಿಂಗೇನಾ?"

"ಒಂದೊಂದೇ ನೋಡ್ಬೇಕು. ನಾನೂ ಕೂತ್ಕೋತೀನಿ."

ಸಂಜೆಯವರೆಗೆ ಮೂವರೂ ಕೂತು ಆರಿಸಿದರು. ಗಟ್ಟಿ ಹಲಗೆ ಅರ್ಧದಷ್ಟೂ ಸಿಗಲಿಲ್ಲ. ಯಮುನಾ ಮುರಿದ ಮೆಟ್ಟಿಲು ಹಿಡಿದು ಅಂಜನಮ್ಮನ ಮನೆಗೆ ನಡೆದಳು.

"ಸೋಮವಾರ ಹುಡ್ಗೀರು ಬತ್ತಾರೆ ಕಣಮ್ಮ," ಎಂದಳು ಅಂಜನಮ್ಮ. "ಗಂಟಿದ್ರೆ ಏನೀಗ, ಬಣ್ಣ ಬಳುದ್ರೆ ಕಾಣಾಕಿಲ್ಲ."

"ನಿದ್ದೆಗಣ್ಣಲ್ಲಿ ಇಳಿಯೋ ಹುಡ್ಗೀರು ಅಕ್ಕ. ನನ್ನ ಕೈಯಲ್ಲಿ ಕೊಡೋಕಾಗಲ್ಲ. ಬೇರೆ ಮರ ತರಿಸಿ ಮಾಡೋವರೆಗೂ ಸ್ವಲ್ಪ ದಿನ ಕೊಡಿ."

ಅಂಜನಮ್ಮ ಮೆಟ್ಟಿಲನ್ನು ತೆಗೆದುಕೊಂಡು, ಗಂಟು ಕಳಚಿದ ತೂತಿಗೆ ಬೆರಳು ತೂರಿಸಿ ನೋಡಿದಳು.

"ಆಗ್ಲಿ. ಅಲ್ಲೀಗಂಟ ನೆಲದ ಮೇಲೇ ಆಸ್ಗೆ ಆಕುಸ್ತೀನಿ. ಅವ್ರಿಗೆ ನಾನೇ ಯೋಳ್ತೀನಿ."

ಗಟ್ಟಿ ಮರವೆಲ್ಲ ಏಣಿಗೂ ಕಾಲುಗಳಿಗೂ ಹೋಯಿತು. ಗಂಟಿನ ಹಲಗೆಗಳು ಚಪ್ಪಲಿ ಗೂಡುಗಳಾದವು. ಕಡಿಮೆ ಬಿದ್ದದ್ದನ್ನು ಕೃಪಾ ಹೋದ ಸಲದ ತೋಪಿನಿಂದಲೇ ತರಿಸಿಕೊಟ್ಟಳು.

ಮಂಚಗಳು ಪಿ.ಜಿ. ಸೇರಿದ ದಿನ ಅಂಜನಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾನೇ ಏಣಿ ಹತ್ತಿದಳು. ಮೇಲೆ ಕಾಲು ಚಾಚಿ ಮಲಗಿದರೆ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ನೆಲದ ಹಾಸಿಗೆ ಸುತ್ತಿ ಹಿಡಿದು ಕೆಳಗೆ ನಿಂತಿದ್ದ ಹುಡುಗಿ, "ಆಂಟಿ, ಅದು ನನ್ನ ಬೆಡ್ಡು," ಎಂದಳು.

"ಗೊತ್ತು ಕಣಮ್ಮ," ಎಂದು ಅಂಜನಮ್ಮ ಮಗ್ಗುಲು ಬದಲಿಸಿದಳು.