ಕಿವಿಯೊಂದು ಬಾಕಿ

ತಲೆ ಮತ್ತೆ ಎಡಕ್ಕೆ ವಾಲಿತು.

ರುದ್ರಪ್ಪ ಮೂರನೆಯ ಸಲ ವಸ್ತ್ರ ಬಿಚ್ಚಿ, ಅಣ್ಣನ ಹಣೆಗೆ ಸುತ್ತಿ, ಹಿಂದಿನ ಗೂಟಕ್ಕೆ ಬಿಗಿದ. ಕೈ ಬಿಟ್ಟ ಕೂಡಲೇ ಶಿವಲಿಂಗಯ್ಯನವರ ಗದ್ದ ಎದೆಗೆ ಬಂತು. ವೀರಶೈವರಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣಿಗೆ ಕೊಡುತ್ತಾರೆ. ಕೂರಬೇಕಾದರೆ ಕತ್ತು ನಿಲ್ಲಬೇಕಲ್ಲ! ಊಟಿ ಬೆಟ್ಟದ ಮಂಜೂರಿನ ಅರ್ಧ ಜನ ಆ ಪುಟ್ಟ ನಡುಮನೆಯಲ್ಲಿ ನಿಂತು ಬುದ್ಧಿ ಹೇಳುತ್ತಿದ್ದರು. ಕೈ ಹಾಕುವವರು ಮಾತ್ರ ಒಬ್ಬರೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಶಿವಲಿಂಗಯ್ಯನವರ ಹೆಂಡತಿ ಸಿದ್ದಾಜಮ್ಮ ಬೆಳಗಿನಿಂದ ಅತ್ತು ಅತ್ತು ಸಾಕಾಗಿದ್ದಳು. ಈಗ ಅಳುವಿಗಿಂತ ರೇಗೇ ಹೆಚ್ಚಾಗಿತ್ತು.

"ಹಣೆಗೆ ಕಟ್ಟಿದ್ರೆ ನಿಂತದಾ ರುದ್ರಪ್ಪ? ಕಿವಿ ಹಿಂದ್ಗಡೆ ಗಂಟಿನಂಗೆ ಒಂದು ಮೂಳೆ ಅದಲ್ಲ, ಅದರ ಕೆಳಿಕ್ಕೆ ಆನಿಸಿ ಕಟ್ಟಪ್ಪ. ಅಲ್ಲಿಂದ ಎದೆಮೂಳೆಗಂಟ ಒಂದು ಸ್ನಾಯು ಬತ್ತದೆ. ತಲೆ ನಿಲ್ಸೋದೇ ಅದು."

ರುದ್ರಪ್ಪ ಹಾಗೇ ಮಾಡಿದ. ತಲೆ ನಿಂತಿತು.

"ಅತ್ತಿಗಮ್ಮ, ಇದೆಲ್ಲ ನಿಮ್ಗೆಂಗೆ ಗೊತ್ತು?"

"ಇಪ್ಪತ್ತು ವರ್ಷ ಆ ಮನುಷ್ಯನ ಜತೇಲಿ ಬಾಳಿದ್ದೀನಿ. ನನ್ಗೇನು ಕಿವುಡಾ?"

* * *

ಶಿವಲಿಂಗಯ್ಯ ಗುಂಡ್ಲುಪೇಟೆಯ ಕಡೆಯಿಂದ ಬೆಟ್ಟ ಹತ್ತಿ ಬಂದು, ಬಸ್ಸುಗಳಿಗೂ ಟೀ ಫ್ಯಾಕ್ಟರಿಗಳಿಗೂ ಬೋರ್ಡು ಬರೆದು ಬದುಕಿದವರು. ಅಕ್ಷರ ಅನ್ನ ಕೊಡುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಸಂಸಾರ ನೆಮ್ಮದಿಯಾಗಿರುತ್ತಿತ್ತು. ಐವತ್ತನೆಯ ಇಸವಿಯಲ್ಲಿ, ಮದುವೆಯಾದ ನಾಲ್ಕನೆಯ ದಿನ, ಅಡುಗೆಮನೆಗೆ ಬಂದು ಹೆಂಡತಿಯ ಗದ್ದ ಹಿಡಿದು ಮುಖ ಎತ್ತಿದರು. ಸಿದ್ದಾಜಮ್ಮ ನಾಚಿ ಕಣ್ಣು ಮುಚ್ಚಿದಳು.

"ಕೆಳದವಡೆ ಬಲು ಚೆಂದಾಗದೆ. ಮೂಲೆ ಎದ್ದು ಕಾಣ್ತದೆ" ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ ಹೊರಟುಹೋದರು.

ಊಟಿಯ ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿದ ರಟ್ಟು ಕಿತ್ತ ಡಾಕ್ಟರ ಪುಸ್ತಕವೊಂದು ಅವರ ತಲೆ ಕೆಡಿಸಿತ್ತು. ಅದರ ತುಂಬ ತೊಗಲು ಸುಲಿದ ಮನುಷ್ಯರು. ಒಳಗಿನ ಮೂಳೆ ತಿಳಿಯದೆ ಮುಖ ಬರೆಯುವುದೆಂದರೆ ಪಾಯವಿಲ್ಲದೆ ಗೋಡೆ ಎಬ್ಬಿಸಿದ ಹಾಗೆ ಎನ್ನುತ್ತಿದ್ದರು. ಪುಸ್ತಕ ಸಾಲದೆ, ಸತ್ತವರ ಮುಖ ಬರೆಯಲು ಸಾವಿನ ಮನೆಗಳಿಗೆ ಹೋಗತೊಡಗಿದರು. ಕೂರಿಸಿದ ಹೆಣ ಅಲ್ಲಾಡುವುದಿಲ್ಲ, ಬೆನ್ನು ನೋವೆಂದು ಗೊಣಗುವುದಿಲ್ಲ. ಫೋಟೋ ಇಲ್ಲದ ಮನೆಯವರು ತಾವೇ ಕರೆಸುತ್ತಿದ್ದರು. ಹೊತ್ತೊಯ್ಯಲು ಕಟ್ಟಿದ ಬಿದಿರಿನ ವಿಮಾನದಲ್ಲಿ ಹೆಣ ಕೂರಿಸಿ, ಎತ್ತಲು ಜನ ಬಗ್ಗಿದಾಗ ಇವರು ಕೈ ಅಡ್ಡ ಹಿಡಿಯುತ್ತಿದ್ದರು. "ತಾಳಿ, ಕಿವಿಯೊಂದು ಬಾಕಿ." ಬೈದುಕೊಳ್ಳದವರೇ ಇರಲಿಲ್ಲ.

ಎಡವಟ್ಟಾದದ್ದೂ ಅಲ್ಲೇ. ಕಲಿತದ್ದೆಲ್ಲ ಹೆಣದ ಮೇಲಾದ್ದರಿಂದ ಬದುಕಿದ್ದವರನ್ನು ಬರೆದರೂ ಹೆಣದ ಕಳೆಯೇ ಬರುತ್ತಿತ್ತು. ಟೀ ಫ್ಯಾಕ್ಟರಿಯ ರಾಜೇಂದ್ರನ್ ತನ್ನ ಚಿತ್ರವನ್ನು ಮನೆಗೆ ಒಯ್ದಾಗ ಅವನ ತಾಯಿ ಎದೆ ಬಡಿದುಕೊಂಡು ಅತ್ತರಂತೆ. ಅಂದು ಶಿವಲಿಂಗಯ್ಯ, "ಜೀವ ಇರೋ ತಲೆ ಬೇಕು" ಎನ್ನುತ್ತ ಬಂದು ಹೆಂಡತಿಯನ್ನು ಮುಕ್ಕಾಲಿಯ ಮೇಲೆ ಕೂರಿಸಿದರು.

ಅಲ್ಲಿಂದ ಹದಿನೆಂಟು ವರ್ಷ, ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ, ಅದೇ ಗೋಳು. "ಅಲ್ಲಾಡ್ಬ್ಯಾಡ ಕಣೆ." ಹಾಲು ಉಕ್ಕಿ ಒಲೆ ಆರಿದರೂ ಅಲ್ಲಾಡಬಾರದು. "ಕಣ್ಣು ಇರೋದು ತಲೆ ನಟ್ಟನಡುವೆ ನೋಡು. ಎಲ್ಲಾರೂ ಮೇಲಕ್ಕೆ ಬರೆದು ಕೆಡಿಸ್ತಾರೆ." ಅವಳಿಗೇಕೆ ಬೇಕಿತ್ತು ಆ ಪಾಠ? ಅಷ್ಟು ಮಾಡಿಯೂ ಅವಳ ಒಂದು ಚಿತ್ರವೂ ಮುಗಿಯಲಿಲ್ಲ. ಕಿವಿಗೆ ಬಂದಾಗ ಸರಿಹೋಗಲಿಲ್ಲವೆಂದು ಹರಿದುಹಾಕುತ್ತಿದ್ದರು.

* * *

"ಅವ್ವಾ, ಅಪ್ಪಾಜಿದು ಒಂದು ಫೋಟೋನೂ ಇಲ್ವಲ್ಲ" ಎಂದು ಮಗಳು ವಸಂತಾಮಣಿ ಪೆಟ್ಟಿಗೆಯನ್ನೆಲ್ಲ ಜಾಲಾಡಿ ಬಂದಳು. "ನಾಳೆ ನನ್ ಮಕ್ಕಳು ತಾತ ಹೆಂಗಿದ್ರು ಅಂದ್ರೆ ಏನ ತೋರಿಸ್ಲಿ?"

"ಫೋಟೋಗೆ ಬರೀ ತೊಗಲು ಕಾಣ್ತದೆ ಅಂತ ಓಡಿಹೋಗ್ತಿದ್ರಲ್ಲ" ಎಂದ ರುದ್ರಪ್ಪ. "ಊಟಿ ಸ್ಟುಡಿಯೋದವನು ಬರೋದು ನಾಳೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ಬರೆಯೋರೇ ಹೋದ ಮೇಲೆ ಇನ್ಯಾರು ಬರೆದಾರು?"

ಸಿದ್ದಾಜಮ್ಮ ಗಂಡನ ಮುಖದ ಕಡೆ ತಿರುಗಿದಳು. ಇನ್ನೊಂದು ಗಂಟೆ ಕಳೆದರೆ ಆ ಮುಖ ಎಲ್ಲಿಯೂ ಇಲ್ಲ.

"ಊರ ಹೆಣಕ್ಕೆಲ್ಲ ಮುಖ ಕೊಟ್ರಿ. ನಿಮ್ಮದೊಂದು ಬರ್ಕೊಳಕ್ಕೆ ಏನು ಧಾಡಿ ಬಂದಿತ್ತು?" ಎಂದು ಗಂಡನನ್ನೇ ಗದರಿಸಿ ದಡಕ್ಕನೆ ಎದ್ದಳು. ಹಲಗೆ, ಕಾಗದ, ಇದ್ದಿಲ ಕಡ್ಡಿ ತಂದು, ಅವರು ಕೂರುತ್ತಿದ್ದ ಹಾಗೆ ಎದುರಿಗೆ ಕೂತಳು. ಹಿಂದಿನಿಂದ ಯಾರೋ, "ಪಾಪ, ಬುದ್ಧಿ ಸ್ಥಿಮಿತದಲ್ಲಿಲ್ಲ" ಎಂದರು.

ಮೊದಲು ತಲೆಗೆಂದು ಮೊಟ್ಟೆಯಾಕಾರ ಎಳೆದಳು. ಅದು ಬದನೆಕಾಯಿಯಂತಾಯಿತು. ಅಳಿಸಿ ಮತ್ತೆ ಎಳೆದು, ನಟ್ಟನಡುವೆ ಅಡ್ಡಗೆರೆ ಹಾಕಿದಳು. ಕಣ್ಣುಗಳನ್ನು ತೆರೆದೇ ಬರೆದಳು. ಹದಿನೆಂಟು ವರ್ಷ ತನ್ನನ್ನೇ ನೋಡಿದ ಕಣ್ಣುಗಳು, ತಲೆ ಎತ್ತಿ ನೋಡುವ ಅಗತ್ಯವೇ ಬೀಳಲಿಲ್ಲ. ಒಂದು ಕಣ್ಣು ಚಿಕ್ಕದಾಯಿತು, ಮೂಗು ಸೊಟ್ಟಗಾಯಿತು. ಆದರೂ ಇಣುಕಿ ನೋಡಿದ ವಸಂತಾಮಣಿ, "ಅಪ್ಪಾಜಿ..." ಎಂದು ಬಾಯಿ ಮುಚ್ಚಿಕೊಂಡಳು.

ಕಿವಿಗೆ ಬಂದಾಗ ಸಿದ್ದಾಜಮ್ಮನ ಕೈ ನಿಂತಿತು. ಬೆಟ್ಟದ ಚಳಿಗೆ ಸದಾ ಮಫ್ಲರ್ ಸುತ್ತಿರುತ್ತಿದ್ದ ಕಿವಿ. ಹಾಲೆ ಕೆನ್ನೆಗೆ ಅಂಟಿಕೊಂಡಿತ್ತು, ಮೇಲಂಚಿನಲ್ಲಿ ಸಣ್ಣದೊಂದು ಮಡಿಕೆ ಇತ್ತು. ಇಷ್ಟು ವರ್ಷ ಎದುರಿಗೇ ಕೂತಿದ್ದರೂ ತಾನು ನೋಡುತ್ತಿದ್ದದ್ದು ಒಲೆಯ ಮೇಲಿನ ಹಾಲನ್ನು. ಈ ಮನುಷ್ಯನನ್ನು ಒಂದು ದಿನವೂ ಸರಿಯಾಗಿ ನೋಡಲಿಲ್ಲವಲ್ಲ.

ಹೊರಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗಂಟೆ ಬಾರಿಸಿದರು. ಶಿವಲಿಂಗಯ್ಯನವರನ್ನು ವಿಮಾನಕ್ಕೆ ಎತ್ತಲು ನಾಲ್ವರು ಬಗ್ಗಿದರು.

"ಅತ್ತಿಗಮ್ಮ, ಸಾಕು ಏಳಿ. ಗುಂಡಿ ತೆಗೆದು ಕಾಯ್ತಾವ್ರೆ. ಹೊತ್ತು ಮುಳುಗ್ತಾ ಅದೆ" ಎಂದು ರುದ್ರಪ್ಪ ಅವಸರಪಡಿಸಿದ.

ಸಿದ್ದಾಜಮ್ಮ ಗಂಡನ ಕಿವಿಯಿಂದ ಕಣ್ಣು ತೆಗೆಯದೆ, ಇದ್ದಿಲು ಮೆತ್ತಿದ ಎಡಗೈಯನ್ನು ಆ ನಾಲ್ವರಿಗೆ ಅಡ್ಡ ಹಿಡಿದಳು.

"ತಾಳಿ" ಎಂದಳು. "ಕಿವಿಯೊಂದು ಬಾಕಿ."